ಗೆದ್ದವರು ವರ್ಷಕ್ಕೆ ಎಷ್ಟು ಸಲ ಕಣಕ್ಕಿಳಿಯುತ್ತಾರೆ? ವಜ್ರಮುಷ್ಟಿಯಿಂದ ಬಾಕ್ಸಿಂಗ್‌ವರೆಗೆ ಒಂದು ಲೆಕ್ಕ



ಈ ಲೇಖನ ಹುಟ್ಟಿದ್ದು ಹಾಸ್ಟೆಲ್ ರೂಮಿನ ಒಂದು ವಾದದಿಂದ. ನಮ್ಮ ಕನ್ನಡ ಸಂಘದ ಗೆಳೆಯನೊಬ್ಬ ಕಾಲೇಜಿನ ಬಾಕ್ಸಿಂಗ್ ತಂಡದಲ್ಲಿದ್ದಾನೆ. ಊರು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕಲ್ಲ. ಒಂದು ಪಂದ್ಯದಲ್ಲಿ ಅವನ ತಲೆಗೆ ಬಲವಾದ ಏಟು ಬಿತ್ತು. ರೆಫರಿ ಎಂಟರವರೆಗೆ ಎಣಿಸಿದರು, ಇವನು ಎದ್ದು ನಿಂತು ಆಟ ಮುಗಿಸಿದ. ಆಮೇಲೆ ಮೂರು ದಿನ ತಲೆನೋವು. ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮುಂದಿನ ಟೂರ್ನಮೆಂಟ್‌ಗೆ ಹನ್ನೊಂದೇ ದಿನ ಬಾಕಿ. "ಹೋಗೇ ಹೋಗ್ತೀನಿ" ಅಂತ ಕೂತ.

ನಾವು ಬೇಡ ಅಂದೆವು. ಅವನು ಕೊಟ್ಟ ಉತ್ತರಕ್ಕೆ ನಮ್ಮ ಹತ್ತಿರ ಮಾತಿರಲಿಲ್ಲ: "ಮೈಕ್ ಟೈಸನ್ ಮೊದಲನೇ ವರ್ಷ 15 ಫೈಟ್ ಆಡಿದ. ನಾನು ತಿಂಗಳಿಗೆ ಎರಡು ಆಡಬಾರದಾ?"

ಟೈಸನ್ ಲೆಕ್ಕ ಸುಳ್ಳಲ್ಲ. ಹಾಗಾದರೆ ಇವತ್ತಿನ ದೊಡ್ಡ ಬಾಕ್ಸರುಗಳು ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ರಿಂಗಿಗೆ ಇಳಿಯೋದು ಯಾಕೆ? ಕ್ರಿಕೆಟ್‌ನವರು ವಾರಕ್ಕೆ ಎರಡು ಮ್ಯಾಚ್ ಆಡುತ್ತಾರಲ್ಲ? ಉತ್ತರ ಹುಡುಕಲು ಕೂತೆವು. ಹುಡುಕುತ್ತಾ ಹೋದರೆ ದಾರಿ ಲಾಸ್ ವೇಗಸ್‌ಗಿಂತ ಮೊದಲು ಮೈಸೂರು ಅರಮನೆಗೆ ಕರೆದುಕೊಂಡು ಹೋಯಿತು.

1. ನಮ್ಮಲ್ಲೇ ಇರುವ ಮುಷ್ಟಿಕಾಳಗ

ಬಾಕ್ಸಿಂಗ್ ಅಂದರೆ ಹೊರಗಿನ ಆಟ, ಕುಸ್ತಿ ಅಂದರೆ ನಮ್ಮದು ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಆದರೆ ವಿಜಯದಶಮಿಯ ಬೆಳಿಗ್ಗೆ, ಜಂಬೂಸವಾರಿಗೆ ಮೊದಲು, ಮೈಸೂರು ಅರಮನೆಯ ಒಳಗೆ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಕಾಳಗ ಮಾಡುವವರು ಜಟ್ಟಿಗಳು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರ ಕಡೆಯ ಜಟ್ಟಿ ಮನೆತನದವರು ಜೋಡಿಯಾಗಿ ಇಳಿಯುತ್ತಾರೆ. ತಲೆ ಬೋಳಿಸಿಕೊಂಡಿರುತ್ತಾರೆ. ಬಲಗೈ ಬೆರಳುಗಳಿಗೆ ಮೊನೆಯಿರುವ ಸಾಧನ ಧರಿಸುತ್ತಾರೆ. ಹಿಂದೆ ಅದನ್ನು ದಂತ ಅಥವಾ ಕೊಂಬಿನಲ್ಲಿ ಮಾಡುತ್ತಿದ್ದರು. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಕಾಳಗ ಮುಗಿಯಿತು. ಎಷ್ಟೋ ಸಲ ನಿಮಿಷದೊಳಗೆ ಮುಗಿದುಹೋಗುತ್ತದೆ.

ಇದು ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವಿದೆ. ಮಲ್ಲರಲ್ಲಿ ದರ್ಜೆಗಳು, ಅವರ ಊಟ, ತಾಲೀಮು ಎಲ್ಲವೂ ಅಲ್ಲಿ ಬರುತ್ತವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಮಹಾನವಮಿಯ ಮಲ್ಲರನ್ನು ನೋಡಿ, ಇದು ತಮ್ಮ ದೇಶದ ಕುಸ್ತಿಯ ಹಾಗಿಲ್ಲ, ಹಲ್ಲು ಮುರಿಯುವಂಥ, ಮುಖ ಕೆಡಿಸುವಂಥ ಏಟುಗಳಿರುತ್ತವೆ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಅಂದರೆ ನಮ್ಮ ನಾಡಹಬ್ಬದ ಜೊತೆ ಮುಷ್ಟಿಯ ನಂಟು ಕನಿಷ್ಠ ಐನೂರು ವರ್ಷದ್ದು.

ಈಗ ನಮ್ಮ ಪ್ರಶ್ನೆಗೆ ಬರೋಣ. ವಜ್ರಮುಷ್ಟಿ ಎಷ್ಟು ಸಲ? ವರ್ಷಕ್ಕೆ ಒಂದೇ ಸಲ. ಅದಕ್ಕಾಗಿ ಎಷ್ಟೋ ದಿನ ಮೊದಲಿನಿಂದ ವ್ರತ, ತಾಲೀಮು. ತಲೆಗೆ ಹೊಡೆಯುವ ಆಟವನ್ನು ನಮ್ಮ ಹಿರಿಯರು ಹಬ್ಬದ ಒಂದು ಬೆಳಿಗ್ಗೆಗೆ, ಕೆಲವೇ ನಿಮಿಷಕ್ಕೆ ಕಟ್ಟಿಹಾಕಿದ್ದರು. ಜೊತೆಗೆ ಎಲ್ಲರ ಕಣ್ಣಿಗೂ ಕಾಣುವ ಒಂದು ನಿಲ್ಲಿಸುವ ಗುರುತು ಇತ್ತು: ರಕ್ತ. ಈ ಗುರುತಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

2. ಗರಡಿ ಮನೆಯ ಲೆಕ್ಕ

ಕುಸ್ತಿಯ ಲೆಕ್ಕ ಬೇರೆ. ಮೈಸೂರು ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಜಾತ್ರೆಗಳು ಶುರುವಾದರೆ ಊರೂರಿಗೆ ನಾಡಕುಸ್ತಿ. ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ಸಾಹುಕಾರ್ ಚೆನ್ನಯ್ಯ ಕುಸ್ತಿ ಅಖಾಡ ಇದೆ. ದಸರೆಗೆ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ಪಂದ್ಯಗಳು. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಪ್ರಶಸ್ತಿ. ಮಣ್ಣಿನ ಮಟ್ಟಿಯಲ್ಲಿ ಬೆನ್ನು ನೆಲಕ್ಕೆ ತಾಗಿಸಿದರೆ ಗೆಲುವು. ಮುಷ್ಟಿಯಲ್ಲಿ ಹೊಡೆಯುವ ಹಾಗಿಲ್ಲ.

ದಸರಾ ಕುಸ್ತಿಗೆ ಮೊದಲು ಒಂದು ದಿನ 'ಜೋಡಿ ಕಟ್ಟುವ' ಕೆಲಸ ನಡೆಯುತ್ತದೆ. ಪೈಲ್ವಾನರೆಲ್ಲ ಸೇರುತ್ತಾರೆ. ಹಿರಿಯ ಉಸ್ತಾದರು ಮೈಕಟ್ಟು, ತೂಕ, ವಯಸ್ಸು, ಅನುಭವ ನೋಡಿ ಇವನಿಗೆ ಇವನು ಸರಿ ಅಂತ ಕೈ ಸೇರಿಸುತ್ತಾರೆ. ಪ್ರೊಫೆಷನಲ್ ಬಾಕ್ಸಿಂಗಿನಲ್ಲಿ ಮ್ಯಾಚ್‌ಮೇಕರ್ ಅನ್ನುವವನು ಮಾಡುವ ಕೆಲಸವೂ ಇದೇ.

ಜೋಡಿ ಕಟ್ಟುವಾಗ ಒಂದು ಸರಳ ಗಣಿತ ಕೆಲಸ ಮಾಡುತ್ತದೆ. ಒಂದು ತೂಕದಲ್ಲಿ ಹೊಸಬರು 512 ಜನ ಇದ್ದಾರೆ ಅಂದುಕೊಳ್ಳಿ. ಪ್ರತಿ ಮೆಟ್ಟಿಲಿನಲ್ಲೂ ಅರ್ಧ ಜನ ಉಳಿಯುತ್ತಾರೆ: 256, 128, 64, 32, 16, 8. ಕೆಳಗಿನ ಮೆಟ್ಟಿಲಲ್ಲಿ ನಿಮಗೆ ಸರಿಜೋಡಿ 511 ಜನ. ಎಂಟು ಜನರ ಮೆಟ್ಟಿಲಿಗೆ ಬಂದಾಗ ಏಳೇ ಜನ. ಅವರಲ್ಲಿ ಇಬ್ಬರನ್ನು ಆಗಲೇ ಸೋಲಿಸಿರುತ್ತೀರಿ, ಒಬ್ಬನಿಗೆ ಗಾಯ, ಇನ್ನೊಬ್ಬನಿಗೆ ಬೇರೆ ಕಡೆ ಒಪ್ಪಂದ. ಮೇಲೇರಿದಷ್ಟೂ ಜೋಡಿ ಸಿಗುವುದು ಕಷ್ಟ. ಜಾತ್ರೆ ಕುಸ್ತಿಯಲ್ಲಿ ಮಧ್ಯಾಹ್ನದಿಂದ ಹುಡುಗರ ಜೋಡಿಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ, ದೊಡ್ಡ ಪೈಲ್ವಾನರ ಜೋಡಿ ಮಾತ್ರ ಕೊನೆಗೆ ಒಂದೇ. ಜನ ಕತ್ತಲಾಗುವ ತನಕ ಕಾಯುವುದು ಅದಕ್ಕೇ.

3. ಬಾಕ್ಸಿಂಗ್: 45ರಿಂದ 2ಕ್ಕೆ ಇಳಿದ ಕಥೆ

ಇನ್ನು ಹೊರಗಿನ ಅಂಕಿಗಳು. ಕೈಗವಸು ಹಾಕಿ, ಮೂರು ನಿಮಿಷದ ಸುತ್ತು, ಒಂದು ನಿಮಿಷ ವಿಶ್ರಾಂತಿ ಅನ್ನುವ ಕ್ವೀನ್ಸ್‌ಬೆರಿ ನಿಯಮಗಳು ಬಂದದ್ದು 1867ರಲ್ಲಿ. ಅಲ್ಲಿಂದ ಮುಂದೆ ಅಮೆರಿಕದ ಊರೂರಲ್ಲಿ ಸಣ್ಣ ಕ್ಲಬ್ಬುಗಳು, ವಾರ ವಾರ ಪಂದ್ಯ. ಕೆಲವು ಲೆಕ್ಕ ನೋಡಿ:

• ಹ್ಯಾರಿ ಗ್ರೆಬ್: 1919 ಒಂದೇ ವರ್ಷದಲ್ಲಿ 45 ಪಂದ್ಯ.
• ಹೆನ್ರಿ ಆರ್ಮ್‌ಸ್ಟ್ರಾಂಗ್: 1937ರಲ್ಲಿ 27 ಪಂದ್ಯ, ಎಲ್ಲದರಲ್ಲೂ ಗೆಲುವು, 26 ನಾಕೌಟ್.
• ಶುಗರ್ ರೇ ರಾಬಿನ್ಸನ್: 1940ರಿಂದ 1965ರವರೆಗೆ ಸುಮಾರು 200 ಪಂದ್ಯ.
• ಮಹಮ್ಮದ್ ಅಲಿ: 1960ರಿಂದ 1981ರವರೆಗೆ ಒಟ್ಟು 61 ಪಂದ್ಯ.
• ಫ್ಲಾಯ್ಡ್ ಮೇವೆದರ್: 1996ರಿಂದ 2017ರವರೆಗೆ 50 ಪಂದ್ಯ, 50 ಗೆಲುವು.

ಮೇವೆದರ್ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. 2006ರ ಕೊನೆಯ ಹೊತ್ತಿಗೆ, ಅಂದರೆ ಮೊದಲ ಹತ್ತು ವರ್ಷದಲ್ಲಿ, 37 ಪಂದ್ಯ. ಆಮೇಲಿನ ಹನ್ನೊಂದು ವರ್ಷದಲ್ಲಿ ಬರೀ 13. 2008 ಮತ್ತು 2016ರಲ್ಲಿ ಒಂದೂ ಇಲ್ಲ. ದೊಡ್ಡ ದುಡ್ಡು ಬಂದದ್ದು ಆ 13ರಲ್ಲೇ.

ಇನ್ನು ನಮ್ಮ ಗೆಳೆಯನ ಟೈಸನ್. ಅವನ ವರ್ಷಗಳನ್ನು ಸಾಲಾಗಿ ಬರೆದೆವು. 1985: 15 ಪಂದ್ಯ. 1986: 13 ಪಂದ್ಯ. ಆ ವರ್ಷದ ನವೆಂಬರ್ 22ರಂದು, ತನ್ನ 28ನೇ ಪಂದ್ಯದಲ್ಲಿ, 20ನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದ. ಆಮೇಲೆ? 1987: 4. 1988: 3. 1989: 2. ನಮ್ಮವನು ಮೊದಲ ಅಂಕಿ ಹೇಳಿದ್ದ, ಉಳಿದ ನಾಲ್ಕನ್ನು ಬಿಟ್ಟಿದ್ದ. ಇನ್ನೊಂದು ವಿಷಯ: ಮೊದಲ ವರ್ಷದ ಎದುರಾಳಿಗಳಲ್ಲಿ ಹೆಚ್ಚಿನವರು ಒಂದೆರಡು ಸುತ್ತಿನೊಳಗೇ ಮಲಗಿದರು. ಟೈಸನ್ ಏಟು ಕೊಟ್ಟದ್ದು ಜಾಸ್ತಿ, ತಿಂದದ್ದು ಕಮ್ಮಿ. ಪಂದ್ಯಗಳ ಸಂಖ್ಯೆ ಒಂದೇ ಇದ್ದರೂ ತಲೆಗೆ ಬಿದ್ದ ಏಟಿನ ಸಂಖ್ಯೆ ಒಂದೇ ಇರಲ್ಲ.

4. ಯಾಕೆ ಕಡಿಮೆ? ಮೂರು ಕಾರಣ

ಮೊದಲನೆಯದು ದುಡ್ಡು. ಗ್ರೆಬ್ ಕಾಲದಲ್ಲಿ ಆದಾಯ ಅಂದರೆ ಗೇಟಿನ ಟಿಕೆಟ್. ಒಂದು ಪಂದ್ಯದಿಂದ ಬರುವುದು ಕಮ್ಮಿ, ಹೊಟ್ಟೆ ತುಂಬಬೇಕಾದರೆ ಮತ್ತೆ ಮತ್ತೆ ಆಡಬೇಕು. ಟಿವಿ ಬಂತು, ಸಣ್ಣ ಕ್ಲಬ್ಬುಗಳು ಮುಚ್ಚಿದವು. ಆಮೇಲೆ ಪೇ ಪರ್ ವ್ಯೂ ಬಂತು: ಒಂದು ಪಂದ್ಯ ನೋಡಲು ಒಂದು ಮನೆ ಒಂದು ಸಲ ದುಡ್ಡು ಕಟ್ಟುವ ಪದ್ಧತಿ. 2015ರ ಮೇ 2ರ ಮೇವೆದರ್–ಪಕ್ಯಾವೊ ಪಂದ್ಯವನ್ನು 46 ಲಕ್ಷ ಮನೆಗಳು ಕೊಂಡವು. ಒಂದಕ್ಕೆ 90 ಡಾಲರ್ ಅಂತ ಹಿಡಿದರೂ 41 ಕೋಟಿ ಡಾಲರ್ ಆಗುತ್ತದೆ. ಇಂಥ ಪಂದ್ಯ ತಿಂಗಳಿಗೊಂದು ಇಟ್ಟರೆ ಯಾರು ಕೊಳ್ಳುತ್ತಾರೆ? ಅಪರೂಪವೇ ಅದರ ಬೆಲೆ. ಬನ್ನಿ ಹಬ್ಬ ದಿನಾ ಬಂದರೆ ಯಾರೂ ಹೊಸ ಬಟ್ಟೆ ಹಾಕಲ್ಲ. ಮೆಕ್ಸಿಕೋದ ಕನೆಲೊ ಆಲ್ವರೆಜ್ ಬಹಳ ವರ್ಷ ಮೇ ಮತ್ತು ಸೆಪ್ಟೆಂಬರಿನಲ್ಲಿ, ಮೆಕ್ಸಿಕನ್ ಹಬ್ಬಗಳ ವಾರಾಂತ್ಯಕ್ಕೆ ಸರಿಯಾಗಿ ಪಂದ್ಯ ಇಟ್ಟುಕೊಂಡದ್ದು ಈ ಲೆಕ್ಕದಲ್ಲೇ.

ಎರಡನೆಯದು ಜೋಡಿ. ಗರಡಿಯ ಗಣಿತ ಇಲ್ಲೂ ಅದೇ. ಮೇಲಿರುವವನಿಗೆ ಸೋಲು ಅಂದರೆ ಬರೀ ಸೋಲಲ್ಲ, ಮುಂದಿನ ಪಂದ್ಯದ ಬೆಲೆಯೇ ಇಳಿಯುತ್ತದೆ. ಹಾಗಾಗಿ ಇಬ್ಬರು ದೊಡ್ಡವರು ಎದುರಾಗಲು ವರ್ಷಗಟ್ಟಲೆ ಮಾತುಕತೆ. ಹೆವಿವೇಟಿನಲ್ಲಿ 1999ರಲ್ಲಿ ಲೆನಾಕ್ಸ್ ಲೂಯಿಸ್ ಎಲ್ಲ ಬೆಲ್ಟುಗಳ ಒಡೆಯನಾದ ಮೇಲೆ ಮತ್ತೆ ಅಂಥ ಏಕಮಾತ್ರ ಚಾಂಪಿಯನ್ ಬಂದದ್ದು 2024ರ ಮೇ 18ರಂದು, ರಿಯಾದ್‌ನಲ್ಲಿ ಉಸಿಕ್ ಫ್ಯೂರಿಯನ್ನು ಸೋಲಿಸಿದಾಗ.

ಮೂರನೆಯದು ದೇಹ. ದೊಡ್ಡ ಪಂದ್ಯಕ್ಕೆ ಮೊದಲು 8ರಿಂದ 12 ವಾರದ ಕ್ಯಾಂಪ್. ಅದರಲ್ಲಿ ಸ್ಪಾರಿಂಗ್, ಓಟ, ತೂಕ ಇಳಿಸೋದು. ಪಂದ್ಯ ಆದಮೇಲೆ ಕನಿಷ್ಠ ಒಂದು ತಿಂಗಳು ಸುಧಾರಿಸಿಕೊಳ್ಳಬೇಕು. ಪ್ರೊಡಕ್ಷನ್ ಕ್ಲಾಸಿನಲ್ಲಿ ಕಲಿತ ಸೈಕಲ್ ಟೈಮ್ ಹಾಕಿ ನೋಡೋಣ: 12 ವಾರ ಕ್ಯಾಂಪ್, 1 ವಾರ ಪಂದ್ಯ, 4 ವಾರ ವಿಶ್ರಾಂತಿ, ಒಟ್ಟು 17. ವರ್ಷದ 52 ವಾರಕ್ಕೆ ಭಾಗಿಸಿದರೆ 3. ಗಾಯ, ಮಾತುಕತೆ, ಮುಂದೂಡಿಕೆ ಸೇರಿದರೆ ಅದು ಎರಡಾಗುತ್ತದೆ, ಕೆಲವು ವರ್ಷ ಒಂದಾಗುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

5. ಒಂದು ಏಟಿನ ಭೌತಶಾಸ್ತ್ರ

ಅಷ್ಟು ವಿಶ್ರಾಂತಿ ಯಾಕೆ ಬೇಕು? 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೋನ ಏಟನ್ನು ಉಪಕರಣ ಇಟ್ಟು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ 32 ಕಿ.ಮೀ. ಬಲ 4096 ನ್ಯೂಟನ್. 9.81ರಿಂದ ಭಾಗಿಸಿ ನೋಡಿ, ಸುಮಾರು 418 ಕೆ.ಜಿ. ತೂಕದಷ್ಟು. 50 ಕೆ.ಜಿ. ಅಕ್ಕಿ ಮೂಟೆ ಎಂಟನ್ನು ಒಂದರ ಮೇಲೊಂದು ಪೇರಿಸಿದ ಭಾರ, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಗುರಿಯಾಗಿಟ್ಟ ತಲೆಯ ವೇಗೋತ್ಕರ್ಷ ಗುರುತ್ವದ 53 ಪಟ್ಟು.

ಈಗ ತಲೆಯೊಳಗೆ ಏನಾಗುತ್ತದೆ ಅಂತ ಯೋಚಿಸಿ. ಕೋಟೆ ಬಸ್ಸಿನಲ್ಲಿ ಯಾರೋ ಮೊಸರಿನ ಪಾತ್ರೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಾರೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ. ಪಾತ್ರೆ ನಿಂತಿತು, ಮೊಸರು ನಿಲ್ಲಲಿಲ್ಲ. ತಲೆಬುರುಡೆ ಪಾತ್ರೆ, ಮಿದುಳು ಮೊಸರು. ಗದ್ದಕ್ಕೆ ಅಡ್ಡವಾಗಿ ಬಿದ್ದ ಏಟಿಗೆ ತಲೆ ಗಿರ್ರನೆ ತಿರುಗುತ್ತದೆ, ಒಳಗಿನ ನರತಂತುಗಳು ಹಿಂಡಿದ ಹಾಗೆ ಎಳೆದುಕೊಳ್ಳುತ್ತವೆ. ಕೈಗವಸು ಹೊಡೆಯುವವನ ಬೆರಳನ್ನು, ತಿನ್ನುವವನ ಚರ್ಮವನ್ನು ಕಾಯುತ್ತದೆ. ಒಳಗಿನ ಈ ತಿರುಚುವಿಕೆಯನ್ನು ಅಷ್ಟಾಗಿ ತಡೆಯಲ್ಲ.

ವಜ್ರಮುಷ್ಟಿಯ ಗುರುತು ನೆನಪಿದೆಯಾ? ಅಲ್ಲಿ ರಕ್ತ ಕಂಡರೆ ನಿಲ್ಲಿಸುತ್ತಾರೆ. ಮಿದುಳಿಗೆ ಬಿದ್ದ ಪೆಟ್ಟಿಗೆ ಅಂಥ ಗುರುತಿಲ್ಲ. ಹೊರಗೆ ಎಲ್ಲ ಸರಿ ಇರುತ್ತದೆ, ಹುಡುಗ ನಡೆಯುತ್ತಾನೆ, ಮೆಸ್ಸಿನಲ್ಲಿ ಊಟ ಮಾಡುತ್ತಾನೆ. ಆ ಪೆಟ್ಟು ಆರುವ ಮೊದಲೇ ಇನ್ನೊಂದು ಬಿದ್ದರೆ, ಎರಡನೆಯದು ಸಣ್ಣದಾದರೂ ಪ್ರಾಣಕ್ಕೆ ಬರಬಹುದು. ನಮ್ಮ ವರ್ಕ್‌ಶಾಪ್ ಭಾಷೆಯಲ್ಲಿ ಫೆಟೀಗ್ ಅನ್ನಬಹುದು. ಆದರೆ ಒಂದು ವ್ಯತ್ಯಾಸ ಇದೆ: ಸ್ಟೀಲಿನ ಬಿರುಕು ತಾನಾಗಿ ಕೂಡಲ್ಲ, ಮಿದುಳು ಬಹಳಷ್ಟು ಸಲ ಸುಧಾರಿಸಿಕೊಳ್ಳುತ್ತದೆ. ಅದು ಕೇಳುವುದು ಒಂದೇ, ಸಮಯ.

1928ರಲ್ಲೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಏಟು ತಿಂದು ತಿಂದು ತೊದಲುವ, ತೂರಾಡುವ ಬಾಕ್ಸರುಗಳ ಬಗ್ಗೆ ಬರೆದಿದ್ದರು. 1973ರಲ್ಲಿ ಬ್ರಿಟನ್ನಿನಲ್ಲಿ 15 ಮಂದಿ ಮಾಜಿ ಬಾಕ್ಸರುಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿ ಹಾನಿಯ ಸ್ವರೂಪ ತೋರಿಸಿದರು. 1982ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ 14ನೇ ಸುತ್ತಿಗೆ ಬಿದ್ದ ಕೊರಿಯಾದ ಕಿಮ್ ದುಕ್ ಕೂ ನಾಲ್ಕು ದಿನದ ಮೇಲೆ ತೀರಿಕೊಂಡ. ಆ ಸಾವಿನ ನಂತರವೇ ಚಾಂಪಿಯನ್‌ಶಿಪ್ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿಯತೊಡಗಿದವು.

ಅಮೆಚೂರ್ ಬಾಕ್ಸಿಂಗಿನ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಬರೆದಿಟ್ಟ ಲೆಕ್ಕ ಹೀಗಿದೆ: ತಲೆಯೇಟಿಗೆ ನಾಕೌಟ್ ಆದರೆ ಕನಿಷ್ಠ 30 ದಿನ ರಿಂಗೂ ಇಲ್ಲ, ಸ್ಪಾರಿಂಗೂ ಇಲ್ಲ. ಮೂರು ತಿಂಗಳಲ್ಲಿ ಎರಡು ಸಲ ಆದರೆ 90 ದಿನ. ಹನ್ನೆರಡು ತಿಂಗಳಲ್ಲಿ ಮೂರು ಸಲ ಆದರೆ ಒಂದು ವರ್ಷ. ನಮ್ಮ ಗೆಳೆಯ ನಾಕೌಟ್ ಆಗಿರಲಿಲ್ಲ, ನಿಜ. ಆದರೆ ಮೂರು ದಿನದ ತಲೆನೋವು, ಬೆಳಕು ಸಹಿಸದ ಕಣ್ಣು ಇವೆರಡೂ ಒಳಗೆ ಪೆಟ್ಟಾಗಿದೆ ಅನ್ನುವುದರ ಲಕ್ಷಣಗಳೇ.

6. ಜನಪ್ರಿಯತೆ: ಅಲ್ಲಿ ಮತ್ತು ಇಲ್ಲಿ

ನಮ್ಮ ದೇಶದಲ್ಲಿ ಬಾಕ್ಸಿಂಗ್ ಅಂದರೆ ಒಲಿಂಪಿಕ್ಸ್. 2008ರಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಮೇರಿ ಕೋಮ್, ಟೋಕಿಯೋದಲ್ಲಿ ಲವ್ಲಿನಾ ಬೊರ್ಗೊಹೈನ್, ಮೂವರಿಗೂ ಕಂಚು. ಪ್ರೊಫೆಷನಲ್ ಬಾಕ್ಸಿಂಗಿಗೆ ಜನ ಸ್ವಲ್ಪ ತಿರುಗಿ ನೋಡಿದ್ದು 2015ರ ಅಕ್ಟೋಬರಿನಲ್ಲಿ ವಿಜೇಂದರ್ ಮ್ಯಾಂಚೆಸ್ಟರ್‌ನಲ್ಲಿ ಶುರು ಮಾಡಿದಾಗ. ಅಲ್ಲಿಂದ 2022ರವರೆಗೆ ಅವರು ಆಡಿದ್ದು 14 ಪಂದ್ಯ, 13 ಗೆಲುವು, 2021ರಲ್ಲಿ ಗೋವಾದಲ್ಲಿ ಒಂದು ಸೋಲು. ವರ್ಷಕ್ಕೆ ಸರಾಸರಿ ಎರಡು. ವಾರ ವಾರ ನೋಡಿ ಅಭ್ಯಾಸವಾದ ಜನಕ್ಕೆ ಇಷ್ಟು ಅಪರೂಪದ ಆಟ ನೆನಪಲ್ಲಿ ಉಳಿಯುವುದು ಕಷ್ಟ. ಹೆಸರು ಮಾಡಿದ ಮೇಲೆ ಅಪರೂಪ ಬೆಲೆ ತರುತ್ತದೆ, ಹೆಸರಾಗುವ ಮೊದಲು ಅದೇ ಅಪರೂಪ ಮರೆವು ತರುತ್ತದೆ. ಇದಕ್ಕೇ ಹೊಸಬರು ಜಾಸ್ತಿ ಆಡುವುದು, ಅಪಾಯಕ್ಕೆ ಹತ್ತಿರ ಹೋಗುವುದೂ ಅವರೇ.

ನಮ್ಮ ಕಡೆಯವರಿಗೆ ಬಾಕ್ಸಿಂಗ್ ರಿಂಗು ಹತ್ತಿರವಾದದ್ದು ಸಿನಿಮಾದಿಂದಲೂ ಇರಬಹುದು. 2019ರ ಸುದೀಪ್ ಅಭಿನಯದ 'ಪೈಲ್ವಾನ್' ಚಿತ್ರದಲ್ಲಿ ಕುಸ್ತಿ ಮಟ್ಟಿಯವನೇ ಬಾಕ್ಸಿಂಗ್ ರಿಂಗಿಗೆ ಹೋಗುತ್ತಾನೆ. ನಮ್ಮ ಗೆಳೆಯನ ಮನೆಯಲ್ಲೂ ಅದೇ ಆಗಿದೆ: ತಾತ ಗರಡಿ ಪೈಲ್ವಾನ್, ಮೊಮ್ಮಗ ಬಾಕ್ಸರ್.

7. ಹಂಪಾಪುರದ ಜಗಲಿಯಲ್ಲಿ

ಇಷ್ಟೆಲ್ಲ ಲೆಕ್ಕ ತೋರಿಸಿದರೂ ಅವನು ಒಪ್ಪಲಿಲ್ಲ. "ನೀವು ಪುಸ್ತಕದವ್ರು ಕಣ್ರೋ" ಅಂದ. ಭಾನುವಾರ ಅವನ ಜೊತೆಗೇ ಕೋಟೆ ಬಸ್ಸು ಹತ್ತಿ ಹಂಪಾಪುರಕ್ಕೆ ಹೋದೆವು. ತಾತ ಜಗಲಿ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕಿವಿ ಎರಡೂ ಗರಡಿಯಲ್ಲಿ ಮುದ್ದೆಯಾಗಿವೆ. ವಿಷಯ ಹೇಳಿದೆವು. ಮೊಮ್ಮಗ ತಲೆ ತಗ್ಗಿಸಿದ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಬೆಳಕ್ ನೋಡಕ್ ಆಯ್ತದಾ ಈಗ?"

"ಆಯ್ತದೆ ತಾತ. ಓದಕ್ ಕೂತ್ರೆ ಒಸಿ ನೋವು."

"ಹಂಗಾರೆ ಇನ್ನೂ ಅದೆ. ನೋಡ್ ಮಗಾ, ನಾವು ಜಾತ್ರೆ ಇದ್ದಷ್ಟು ದಿನ ಮಟ್ಟಿಗೆ ಬಿದ್ದೋರು. ಕೈ ಉಳುಕ್ಲಿ, ಮಂಡಿ ಊದ್ಲಿ, ಕೇಳ್ತಿರ್ಲಿಲ್ಲ. ಆದ್ರೆ ಒಬ್ಬ ತಲೆ ಮೇಲಾಗಿ ಬಿದ್ದ ಅಂದ್ರೆ ಉಸ್ತಾದ್ರು ಗರಡಿ ಹೊಸ್ಲು ದಾಟಕ್ ಬಿಡ್ತಿರ್ಲಿಲ್ಲ. ಮನೇಲಿ ಬಿದ್ಕೊ, ಮಟ್ಟಿ ಎಲ್ಲೂ ಓಡೋಗಲ್ಲ ಅನ್ನೋರು. ನಾನೊಂದ್ಸಲ ಕೇಳ್ದೆ ಹೋಗಿದ್ದೆ ಕಣ್ಲಾ. ಆ ಜಾತ್ರೆ ಯಾವ್ದು, ಯಾರ್ ಮೇಲೆ ಆಡ್ದೆ, ಇವತ್ತಿಗೂ ನೆಪ್ಪಿಲ್ಲ ನಂಗೆ."

ಅಷ್ಟೇ ಹೇಳಿದ್ದು. ಅಜ್ಜಿ ಮಜ್ಜಿಗೆ ತಂದುಕೊಟ್ಟರು. ಬರುವಾಗ ಬಸ್ಸಿನಲ್ಲಿ ಗೆಳೆಯ ಹೆಚ್ಚು ಮಾತಾಡಲಿಲ್ಲ. ಮರುದಿನ ತಾನೇ ಹೋಗಿ ಕೋಚ್ ಹತ್ತಿರ ಹೆಸರು ವಾಪಸ್ ತೆಗೆದುಕೊಂಡ. ಡಾಕ್ಟರಿಗೂ ತೋರಿಸಿದ. ಅವನ ಜಾಗದಲ್ಲಿ ಹೋದ ಜೂನಿಯರ್ ಸೋತು ಬಂದ. ಆ ಬೇಜಾರು ಇವನಿಗೆ ಇನ್ನೂ ಇದೆ, ಇಲ್ಲ ಅಂತ ನಾವು ಬರೆಯಲ್ಲ. ಆರನೇ ವಾರಕ್ಕೆ ಮತ್ತೆ ಹಗ್ಗ ಜಿಗಿಯೋಕೆ ಶುರು ಮಾಡಿದ್ದಾನೆ.

ನೆನಪಿಡಬೇಕಾದ್ದು

• ದೊಡ್ಡ ಬಾಕ್ಸರುಗಳು ವರ್ಷಕ್ಕೆ ಒಂದೆರಡು ಸಲ ಆಡುವುದಕ್ಕೆ ಕಾರಣ ಮೂರು: ಅಪರೂಪಕ್ಕಿರುವ ಬೆಲೆ, ಸರಿಜೋಡಿಯ ಕೊರತೆ, ದೇಹಕ್ಕೆ ಬೇಕಾದ ಸಮಯ.
• ಪಂದ್ಯ ಎಷ್ಟು ಅಂತ ಮಾತ್ರ ಎಣಿಸಬೇಡಿ, ತಲೆಗೆ ಬಿದ್ದ ಏಟು ಎಷ್ಟು ಅಂತ ಎಣಿಸಿ.
• ಬಾಕ್ಸಿಂಗ್, ಕಬಡ್ಡಿ, ಫುಟ್‌ಬಾಲ್ ಯಾವುದೇ ಆಗಲಿ, ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮರೆವು, ಬೆಳಕು ಸಹಿಸದಿರುವುದು ಕಂಡರೆ ಆ ದಿನ ಆಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ವಾಂತಿ ಹೆಚ್ಚಾದರೆ, ಎಚ್ಚರ ತಪ್ಪಿದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ.
• ಗೆಳೆಯ "ನಂಗೇನೂ ಆಗಿಲ್ಲ" ಅಂದರೆ ನಂಬಬೇಡಿ. ಪೆಟ್ಟು ತಿಂದಿರುವುದು ಆ ಮಾತು ಹೇಳುವ ಮಿದುಳೇ.

ನಿಮ್ಮೂರಿನ ಗರಡಿ ಮನೆಯ ಕಥೆ, ಪೈಲ್ವಾನ್ ತಾತಂದಿರ ಮಾತು ನಿಮ್ಮ ಹತ್ತಿರ ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.